ಮಂಡೆ ಬಿಸಿ ಉಂಟಾ ಅಕ್ಕ?

ಕೇರಳದ ಕಾಸರಗೋಡು ಜಿಲ್ಲೆ, ಬದಿಯಡ್ಕದ ಕಡೆ ಒಂದು ಕನ್ನಡ ಮನೆಯ ಜಗಲಿ. ಆಶಾ ಕಾರ್ಯಕರ್ತೆ ಪುಸ್ತಕ ಬಿಡಿಸಿ, "ವಿಷಾದ ಉಂಟಾ ಅಕ್ಕ?" ಎಂದು ಕೇಳಿದರು. ಅಕ್ಕನಿಗೆ ತಲೆಬುಡ ಅರ್ಥವಾಗಲಿಲ್ಲ. ಕನ್ನಡದಲ್ಲಿ ವಿಷಾದ ಅಂದರೆ ಪೇಪರಿನಲ್ಲಿ ಮಂತ್ರಿಗಳು ವ್ಯಕ್ತಪಡಿಸುವಂಥದ್ದು, ಅಲ್ವಾ? ಮಲಯಾಳದಲ್ಲಿ ಡಿಪ್ರೆಶನ್‌ಗೆ, ಅಂದರೆ ಖಿನ್ನತೆಗೆ, ವಿಷಾದರೋಗಂ ಎನ್ನುತ್ತಾರೆ. ಕಾರ್ಯಕರ್ತೆ ಪುಸ್ತಕ ಮಡಚಿಟ್ಟರು. "ಮಂಡೆ ಬಿಸಿ ಉಂಟಾ? ರಾತ್ರಿ ನಿದ್ದೆ ಬರ್ತದಾ?" ಅಕ್ಕ ಮುಕ್ಕಾಲು ಗಂಟೆ ಮಾತಾಡಿದರು. ಮಂಡೆ ಬಿಸಿ ಅಂದರೆ ತಲೆ ತುಂಬ ಚಿಂತೆ. ಅದೆಲ್ಲ ಕಾಯಿಲೆಯಲ್ಲ, ನಿಜ. ಆದರೆ ನಮ್ಮಲ್ಲಿ ಮಾತು ಶುರುವಾಗುವುದೇ ಅಲ್ಲಿಂದ.

ಮನೆಮನೆಗೆ ಹೋಗುವವರಿಗೇ ಮನಸ್ಸಿನ ಕಾಯಿಲೆ ಗುರುತಿಸಲು ಕಲಿಸಬೇಕು ಅನ್ನುವುದು ಹೊಸ ಯೋಚನೆಯಲ್ಲ. 1970ರ ದಶಕದಲ್ಲೇ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆ ಹತ್ತಿರದ ಸಕಲವಾರ ಎಂಬ ಹಳ್ಳಿಯಲ್ಲಿ ಇದನ್ನು ಶುರು ಮಾಡಿತ್ತು. ಮನೋವೈದ್ಯರು ಬೆರಳೆಣಿಕೆಯಷ್ಟು, ಅವರೂ ಪಟ್ಟಣದಲ್ಲಿ. ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ಕೆಲವೇ ಮಾತ್ರೆಗಳ ಬಳಕೆ ಕಲಿಸಿದರು. ರೋಗಿಯನ್ನು ಗುರುತಿಸುವುದು, ಮಾತ್ರೆ ನಡುವೆ ಬಿಡದಂತೆ ನೋಡಿಕೊಳ್ಳುವುದು ಆರೋಗ್ಯ ಕಾರ್ಯಕರ್ತರ ಪಾಲಿಗೆ ಬಂತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಅದೇ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ದೊಡ್ಡ ಪ್ರಯೋಗ ನಡೆಯಿತು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ನಾಲ್ಕೇ ಜಿಲ್ಲೆಗಳಲ್ಲಿ. ಸರಕಾರಿ ವೇಗ!

2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇಟ್ಟಿದ್ದ ಒಂದು ಆಶ್ರಯತಾಣಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ ರೋಗಿಗಳಿಗೆ ಓಡಲಾಗಲಿಲ್ಲ. 28 ಮಂದಿ ಸತ್ತರು. ಸರಪಳಿ ಹಾಕಲೇಬಾರದು ಎಂದು 2017ರ ಮಾನಸಿಕ ಆರೋಗ್ಯ ಕಾನೂನು ಹೇಳಿತು. ಆದರೆ ಒಳಕೋಣೆಯಲ್ಲಿ ಕೂಡಿಟ್ಟವರನ್ನು ಮೊದಲು ನೋಡುವುದು ಪೊಲೀಸರಲ್ಲ, ಗರ್ಭಿಣಿಯ ಲೆಕ್ಕ ಬರೆಯಲು ಬರುವ ಆಶಾ.

ಕೇರಳದಲ್ಲಿ ಆಶಾಗಳು ಮನೆಗಳಲ್ಲಿ ಗುರುತಿಸಿ ಕಳಿಸುತ್ತಾರೆ. ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ಖಿನ್ನತೆಗೆಂದೇ ಆಶ್ವಾಸಂ ಕ್ಲಿನಿಕ್ ಇದೆ. ಕಾಸರಗೋಡಿನಲ್ಲಿ ಇದರ ಭಾರ ಜಾಸ್ತಿ. ಗೇರು ತೋಟಗಳಿಗೆ ವರ್ಷಗಟ್ಟಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ ಎಣ್ಮಕಜೆಯಂಥ ಊರುಗಳಲ್ಲಿ, ಹಾಸಿಗೆ ಬಿಟ್ಟೇಳದ ಮಗನನ್ನು ಮೂವತ್ತು ವರ್ಷ ನೋಡಿಕೊಂಡ ತಾಯಂದಿರಿದ್ದಾರೆ. ಮಗನ ಕಾಯಿಲೆಗೆ ಫೈಲು ಉಂಟು. ತಾಯಿಯ ನಿದ್ದೆಯನ್ನು ಯಾರು ಕೇಳಿದರು?

ಇಲ್ಲಿ ಮಂತ್ರವಾದಿಯ ಮನೆ ಡಾಕ್ಟರಿಗಿಂತ ಹತ್ತಿರ. "ಅಲ್ಲಿಗೂ ಹೋಗಿ, ನಾನು ಬೇಡ ಅನ್ನುವುದಿಲ್ಲ. ಮಾತ್ರೆ ಮಾತ್ರ ಬಿಡಬೇಡಿ" ಎನ್ನುತ್ತಾರೆ ಆ ಕಾರ್ಯಕರ್ತೆ. ಹೊರಡುವಾಗ ನೋಡಿದೆ. ಅವರ ಪುಸ್ತಕದ ರಟ್ಟಿನ ಒಳಗೆ ಪೆನ್ಸಿಲಿನಲ್ಲಿ ಕನ್ನಡ, ತುಳು ಪದಗಳ ಸಾಲು. ಮೊದಲನೆಯದು: ಮಂಡೆ ಬೆಚ್ಚ.