ಓದುಗರ ಪ್ರಶ್ನೆ: ಕಲ್ಲಿನ ಗೋಡೆಯಲ್ಲಿ ದೆವ್ವ ರೆಕಾರ್ಡ್ ಆಗಿರುತ್ತದಾ?

ಪ್ರಶ್ನೆ: ‘ದಿ ಸ್ಟೋನ್ ಟೇಪ್’ ನೋಡಿದೆ ಸಾರ್. ಸತ್ತವರ ಕಿರುಚಾಟ ಕಲ್ಲಿನಲ್ಲಿ ರೆಕಾರ್ಡ್ ಆಗಿರುತ್ತೆ ಅನ್ನೋದನ್ನ ವಿಜ್ಞಾನಿಗಳೂ ಒಪ್ಪಿದ್ದಾರಂತೆ, ಹೌದಾ? ನಮ್ಮ ಹಾಸನದ ಹತ್ತಿರದ ಶೆಟ್ಟಿಹಳ್ಳಿ ಪಾಳು ಚರ್ಚ್‌ನಲ್ಲಿ ಕೇಳೋದೂ ಅದೇನಾ?

ಇಲ್ಲ. ಅದೂ ಅಲ್ಲ, ಇದೂ ಅಲ್ಲ. ಪ್ರತಿ ಮಳೆಗಾಲ ಹೇಮಾವತಿ ಹಿನ್ನೀರು ಏರಿ ಚರ್ಚ್‌ನ ವಿಡಿಯೋಗಳು ಓಡಾಡಲು ಶುರುವಾದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಈ ಸಲ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಆ ಟಿವಿ ನಾಟಕ. 1972ರ ಕ್ರಿಸ್‌ಮಸ್ ದಿನ ಬಿಬಿಸಿ 2ರಲ್ಲಿ ಬಂದದ್ದು. ಬರೆದವರು ನೈಜೆಲ್ ನೀಲ್, ನಿರ್ದೇಶನ ಪೀಟರ್ ಸ್ಯಾಸ್ಡಿ. ಟೇಪಿಗಿಂತ ಒಳ್ಳೆಯ ರೆಕಾರ್ಡಿಂಗ್ ವಸ್ತು ಹುಡುಕುತ್ತಿರುವ ಕಂಪನಿಯ ತಂಡವೊಂದು ಹಳೇ ಬಂಗಲೆಗೆ ಬರುತ್ತದೆ. ಅಲ್ಲೊಂದು ಕಲ್ಲಿನ ಕೋಣೆ, ಅದರಲ್ಲಿ ಕೆಲಸದ ಹುಡುಗಿಯ ಕಿರುಚಾಟ. ಇವರು ಓಡಿಹೋಗಲ್ಲ, ಯಂತ್ರ ತಂದು ಜೋಡಿಸುತ್ತಾರೆ. ಈ ಕಲ್ಲೇ ನಮಗೆ ಬೇಕಾದ ಟೇಪ್ ಯಾಕಾಗಬಾರದು ಅನ್ನುವ ಆಸೆ. ನೋಡೋದಕ್ಕಿಂತ ಕೇಳೋದೇ ಜಾಸ್ತಿ ಹೆದರಿಸುತ್ತದೆ. ಅದು ಬಿಬಿಸಿಯ ವಿಚಿತ್ರ ಸದ್ದುಗಳ ವಿಭಾಗವಾಗಿದ್ದ ರೇಡಿಯೋಫೋನಿಕ್ ವರ್ಕ್‌ಶಾಪ್‌ನ ಡೆಸ್ಮಂಡ್ ಬ್ರಿಸ್ಕೋ ಕೈಚಳಕ. ಕೊನೆ ಹೇಳಲ್ಲ.

ಈಗ ಆ ‘ಸ್ಟೋನ್ ಟೇಪ್ ಥಿಯರಿ’. ಯೂಟ್ಯೂಬಿನವರು ಗಂಟಲು ತಗ್ಗಿಸಿ ಹೇಳುವ ಈ ಹೆಸರು ಬಂದದ್ದೇ ಈ ನಾಟಕದಿಂದ. ಸಂಶೋಧನೆ ನೋಡಿ ನಾಟಕ ಬರೆದದ್ದಲ್ಲ, ನಾಟಕ ನೋಡಿ ಥಿಯರಿಗೆ ಹೆಸರಿಟ್ಟದ್ದು! ಜಾಗಗಳಿಗೂ ನೆನಪಿರುತ್ತದೆ ಅನ್ನುವ ಮಾತು ಅದಕ್ಕೂ ಹಳೆಯದು, ಒಪ್ಪಿದೆ. ಮಾತು ಹಳೆಯದಾದರೆ ಪುರಾವೆ ಆಗಿಬಿಡುತ್ತದಾ?

ಅಟ್ಟದಲ್ಲಿರುವ ಕ್ಯಾಸೆಟ್ ಒಂದನ್ನು ಇಳಿಸಿ ನೋಡಿ. ಕಂದು ಬಣ್ಣದ ಪ್ಲಾಸ್ಟಿಕ್ ಪಟ್ಟಿ, ಮೇಲೆ ಕಬ್ಬಿಣದ ಆಕ್ಸೈಡ್ ಪುಡಿಯ ತೆಳು ಲೇಪ. ಮೈಕ್ ಶಬ್ದವನ್ನು ಕರೆಂಟ್ ಮಾಡುತ್ತದೆ. ರೆಕಾರ್ಡರಿನಲ್ಲಿ ಪಟ್ಟಿಗೆ ತಾಗುವ ಪುಟ್ಟ ವಿದ್ಯುತ್ಕಾಂತ, ಅಂದರೆ ಹೆಡ್, ಆ ಕರೆಂಟಿನಿಂದ ಪುಡಿಯ ಮೇಲೆ ಕಾಂತದ ಗುರುತು ಮೂಡಿಸುತ್ತದೆ. ಪಟ್ಟಿ ಸೆಕೆಂಡಿಗೆ 4.76 ಸೆಂ.ಮೀ. ವೇಗದಲ್ಲಿ ಓಡುತ್ತಲೇ ಇರಬೇಕು. ನಿಂತರೆ ಎಲ್ಲ ಶಬ್ದವೂ ಒಂದೇ ಜಾಗಕ್ಕೆ ಬಿದ್ದು ಕಲಸುಮೇಲೋಗರ. ಗೋಡೆಯಲ್ಲಿ ಮೈಕ್ ಎಲ್ಲಿದೆ? ಹೆಡ್ ಯಾವುದು? ಓಡೋದು ಏನು? ಮತ್ತೆ ಕೇಳಿಸೋಕೆ ಸ್ಪೀಕರ್ ಬೇರೆ ಬೇಕಲ್ವಾ?

‘ಕಲ್ಲಲ್ಲಿ ಕ್ವಾರ್ಟ್ಜ್ ಅನ್ನೋ ಹರಳು ಇದೆ ಸಾರ್, ವಾಚಲ್ಲೂ ಅದೇ’ ಅನ್ನುವವರು ಇಲ್ಲಿ ಎದ್ದು ನಿಲ್ಲುತ್ತಾರೆ. ಗೊತ್ತು, ಕೂತ್ಕೊಳ್ಳಿ. ಕ್ವಾರ್ಟ್ಜ್ ಒತ್ತಿದರೆ ಚೂರು ವಿದ್ಯುತ್ ಹುಟ್ಟುತ್ತದೆ. 1880ರಲ್ಲೇ ಕ್ಯೂರಿ ಸಹೋದರರು ತೋರಿಸಿದ್ದು. ಒತ್ತೋದು ಬಿಟ್ಟರೆ ಮುಗೀತು, ಏನೂ ಉಳಿಯಲ್ಲ. ವಾಚಿನ ಹರಳು ಸೆಕೆಂಡಿಗೆ 32,768 ಸಲ ಅದುರುತ್ತದೆ. ನಿನ್ನೆ ನೀವು ಯಾರನ್ನು ಬೈದಿರಿ ಅಂತ ಅದಕ್ಕೆ ಗೊತ್ತಿಲ್ಲ. ಇನ್ನು ಬೇಲೂರು, ಹಳೇಬೀಡಿನಲ್ಲಿ ಗೆಜ್ಜೆ ಸದ್ದು ಕೇಳಿತು ಅನ್ನುವವರಿಗೆ: ಅದು ಬಳಪದ ಕಲ್ಲು. ಅದರ ಮುಖ್ಯ ಖನಿಜ ಕ್ಲೋರೈಟ್, ಟಾಲ್ಕ್. ಕ್ವಾರ್ಟ್ಜ್ ಅಲ್ಲ. ಶೆಟ್ಟಿಹಳ್ಳಿಯದಂತೂ ಇಟ್ಟಿಗೆ, ಗಾರೆ. ಚಾವಣಿಯಿಲ್ಲದ ಎತ್ತರದ ಗೋಡೆಗಳ ನಡುವೆ ನೀರ ಮೇಲಿನ ಗಾಳಿ ನುಗ್ಗಿದರೆ ಊಳಿಡದೆ ಇನ್ನೇನು ಮಾಡುತ್ತದೆ?

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ನೀಲ್ ಅವರದೇ ದೆವ್ವದ ತನಿಖೆಯ ಇನ್ನೊಂದು ಟಿವಿ ನಾಟಕ ಇದೆ, 1963ರ ‘ದಿ ರೋಡ್’. ಯೋಚನೆಯ ಮಟ್ಟಿಗೆ ನನಗೆ ಅದೇ ಒಂದು ಕೈ ಮೇಲು. 1770ರ ಕಾಲ. ಕಾಡಿನಲ್ಲಿ ಕೇಳುವ ಗದ್ದಲ ಏನಂತ ಪತ್ತೆ ಮಾಡಲು ಹಳ್ಳಿಯ ಜಮೀನ್ದಾರ ಹೊರಡುತ್ತಾನೆ. ನೋಡೋಕೆ ಸಿಗಲ್ಲವಾದ್ದರಿಂದ ಇದರ ಕೊನೆ ಹೇಳಿಬಿಡುತ್ತೇನೆ: ಅದು ಹಿಂದಿನವರ ಸದ್ದಲ್ಲ, ಮುಂದೆ ಅಣುಯುದ್ಧಕ್ಕೆ ಹೆದರಿ ಓಡುವವರದ್ದು. ಯಾಕೆ ಸಿಗಲ್ಲ ಅಂದರೆ, ಪ್ರತಿಯೇ ಉಳಿದಿಲ್ಲ. ಆಗ ವಿಡಿಯೋ ಟೇಪ್ ದುಬಾರಿ, ಅಳಿಸಿ ಮತ್ತೆ ಬಳಸುವುದು ಬಿಬಿಸಿಯಲ್ಲಿ ಮಾಮೂಲಿ. ಸ್ಕ್ರಿಪ್ಟ್ ಉಳಿದದ್ದು ಪುಣ್ಯ. 2018ರಲ್ಲಿ ಅದನ್ನಿಟ್ಟುಕೊಂಡು ರೇಡಿಯೋ ನಾಟಕ ಮಾಡಿದರು. ಸಿಕ್ಕರೆ ಮೊದಲು ಅದನ್ನು ಕೇಳಿ, ಆಮೇಲೆ ಶೆಟ್ಟಿಹಳ್ಳಿಗೆ ಹೋಗಿ.