ಹೆಲ್ಪ್ ಡೆಸ್ಕ್‌ನಿಂದ ಬಂದ ಕರೆ

2020ರ ಜುಲೈ 15ರಂದು ಬರಾಕ್ ಒಬಾಮಾ, ಜೋ ಬೈಡನ್, ಬಿಲ್ ಗೇಟ್ಸ್, ಇಲಾನ್ ಮಸ್ಕ್ ಇವರೆಲ್ಲರ ಟ್ವಿಟರ್ ಖಾತೆಗಳು ಒಂದೇ ರಾಗ ಹಾಡತೊಡಗಿದವು: ಬಿಟ್‌ಕಾಯಿನ್ ಕಳಿಸಿ, ಎರಡರಷ್ಟು ಮರಳಿಸುತ್ತೇವೆ. ನಂಬಿದವರು ಕಳೆದುಕೊಂಡದ್ದು ಸುಮಾರು 1,18,000 ಡಾಲರ್. ಖದೀಮರು ಕಣ್ಣು ಹಾಕಿದ್ದು 130 ಖಾತೆಗಳ ಮೇಲೆ. ಸೂತ್ರಧಾರನೆಂದು ಸಿಕ್ಕಿಬಿದ್ದವನು ಅಮೆರಿಕದ ಫ್ಲಾರಿಡಾದ 17 ವರ್ಷದ ಹುಡುಗ.

ಇಷ್ಟಕ್ಕೂ ಅವರು ಯಾವ ಗೂಢಲಿಪಿಯನ್ನೂ ಭೇದಿಸಿರಲಿಲ್ಲ. ಫೋನ್ ಮಾಡಿದ್ದರು, ಅಷ್ಟೇ. ಕೋವಿಡ್ ಕಾರಣಕ್ಕೆ ಟ್ವಿಟರ್ ಸಿಬ್ಬಂದಿ ಮನೆಯಿಂದಲೇ ದುಡಿಯುತ್ತಿದ್ದ ಕಾಲ ಅದು. ಮನೆಯ ಇಂಟರ್‌ನೆಟ್‌ನಿಂದ ಕಚೇರಿಯ ಜಾಲಕ್ಕೆ ಗುಪ್ತ ಸುರಂಗ ಹಾಕಿಕೊಡುವ ವಿಪಿಎನ್ ಆಗಾಗ ಕೈಕೊಡುತ್ತಿತ್ತು. ‘ಐಟಿ ಹೆಲ್ಪ್ ಡೆಸ್ಕ್‌ನಿಂದ ಮಾತನಾಡುತ್ತಿದ್ದೇವೆ, ನಿಮ್ಮ ವಿಪಿಎನ್ ತೊಂದರೆ ಸರಿಪಡಿಸಬೇಕಿತ್ತು’ ಎಂದರೆ ಯಾರು ತಾನೇ ಅನುಮಾನಿಸುತ್ತಾರೆ? ಕಚೇರಿಯಲ್ಲಾಗಿದ್ದರೆ ಪಕ್ಕದ ಮೇಜಿನವರನ್ನು ‘ನಿಮಗೂ ಕರೆ ಬಂತೇ?’ ಎಂದು ಕೇಳಬಹುದಿತ್ತು. ಮನೆಯಲ್ಲಿ ಆ ಪಕ್ಕದ ಮೇಜೇ ಇಲ್ಲ. ವರ್ಕ್ ಫ್ರಂ ಹೋಮ್ ಎಂದೊಡನೆ ವೈಫೈ ಪಾಸ್‌ವರ್ಡ್ ಬಗ್ಗೆ ಉಪದೇಶ ಶುರುವಾಗುತ್ತದೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ನಷ್ಟ ಈ ಪಕ್ಕದ ಮೇಜು.

ಕರೆ ಮಾಡಿದವರು ಸಿಬ್ಬಂದಿಯನ್ನು ಒಂದು ನಕಲಿ ಪುಟಕ್ಕೆ ಕಳಿಸಿದರು. ನೋಡಲು ಟ್ವಿಟರ್‌ನ ಲಾಗಿನ್ ಪುಟವೇ, ವಿಳಾಸ ಮಾತ್ರ ಕೊಂಚ ಬೇರೆ. ಅಲ್ಲಿ ಪಾಸ್‌ವರ್ಡ್ ಬಿದ್ದ ತಕ್ಷಣ ಅತ್ತ ಅಸಲಿ ಪುಟದಲ್ಲಿ ಕಳ್ಳರು ಅದನ್ನೇ ತುಂಬಿದರು. ಅಸಲಿ ವ್ಯವಸ್ಥೆ ‘ಇದು ನೀವೇ ತಾನೇ?’ ಎಂದು ಉದ್ಯೋಗಿಯನ್ನು ಕೇಳಿತು. ಲಾಗಿನ್ ಮಾಡುತ್ತಿರುವುದು ತಾವೇ ಎಂದುಕೊಂಡ ಕೆಲವರು ಒಪ್ಪಿಗೆ ಕೊಟ್ಟೂಬಿಟ್ಟರು. ಒಟಿಪಿಯ ದೌರ್ಬಲ್ಯವೂ ಇದೇ. ಆ ಆರು ಅಂಕಿಗಳಿಗೆ ತಮ್ಮನ್ನು ಎಲ್ಲಿ ಟೈಪಿಸಲಾಗುತ್ತಿದೆ ಎಂಬ ಅರಿವಿಲ್ಲ.

ಎರಡು ವರ್ಷಗಳ ನಂತರ, 2022ರ ಜುಲೈ 20ರಂದು, ಕ್ಲೌಡ್‌ಫ್ಲೇರ್ ಕಂಪನಿಯ ಕನಿಷ್ಠ 76 ಉದ್ಯೋಗಿಗಳ ಮೊಬೈಲ್‌ಗೆ ಇಂಥದೇ ನಕಲಿ ಪುಟದ ಕೊಂಡಿ ಬಂತು. ಮೂವರು ಮೋಸಹೋಗಿ ಪಾಸ್‌ವರ್ಡ್ ತುಂಬಿದರು. ಆದರೂ ಕಳ್ಳರಿಗೆ ಒಳಹೋಗಲು ಆಗಲಿಲ್ಲ. ಕಾರಣ, ಕಂಪನಿ ಪ್ರತಿಯೊಬ್ಬ ಉದ್ಯೋಗಿಗೂ ಭದ್ರತಾ ಕೀಲಿಯೊಂದನ್ನು ಕೊಟ್ಟಿತ್ತು. ಹೆಬ್ಬೆರಳಿನಷ್ಟೂ ದೊಡ್ಡದಲ್ಲದ ಈ ಸಾಧನದೊಳಗೆ ಒಂದು ರಹಸ್ಯ ಸಂಖ್ಯೆ ಅಡಗಿರುತ್ತದೆ. ಅದು ಎಂದೂ ಹೊರಬರುವುದಿಲ್ಲ. ಅದರ ಜೋಡಿ ಸಂಖ್ಯೆ ಜಾಲತಾಣದ ಬಳಿ ಇರುತ್ತದೆ. ಲಾಗಿನ್ ವೇಳೆ ತಾಣವು ಪ್ರತಿ ಸಲವೂ ಹೊಸದೊಂದು ಸವಾಲು ಕಳಿಸುತ್ತದೆ. ನಾವು ನಿಜಕ್ಕೂ ಯಾವ ವಿಳಾಸದ ಪುಟದಲ್ಲಿದ್ದೇವೆ ಎಂಬುದನ್ನು ಬ್ರೌಸರ್ ತಾನೇ ಅದಕ್ಕೆ ಸೇರಿಸುತ್ತದೆ. ಕೀಲಿಯು ಎರಡನ್ನೂ ಕೂಡಿಸಿ ರಹಸ್ಯ ಸಂಖ್ಯೆಯಿಂದ ಸಹಿ ಹಾಕುತ್ತದೆ. ಸಹಿ ಅಸಲಿಯೇ ಎಂದು ಜೋಡಿ ಸಂಖ್ಯೆಯಿಂದ ಪರೀಕ್ಷಿಸಬಹುದು, ಆದರೆ ಅದರಿಂದ ಸಹಿಯನ್ನು ನಕಲು ಮಾಡಲಾಗದು. ವಿಳಾಸದಲ್ಲಿ ಒಂದಕ್ಷರ ಬೇರೆಯಾದರೂ ಕೀಲಿಯ ಪಾಲಿಗೆ ಅದು ಅಪರಿಚಿತ ತಾಣ. ಕಣ್ಣು ಗಮನಿಸದ ವ್ಯತ್ಯಾಸವನ್ನು ಗಣಿತ ಗಮನಿಸುತ್ತದೆ. ಈಗ ಫೋನುಗಳಲ್ಲಿ ಬೆರಳಚ್ಚಿನಿಂದ ತೆರೆಯುವ ‘ಪಾಸ್‌ಕೀ’ಯ ಒಳಗಿನ ತತ್ತ್ವವೂ ಇದೇ.

ಆ 76 ಮಂದಿಗೆ ಎಷ್ಟೇ ತರಬೇತಿ ಕೊಟ್ಟಿದ್ದರೂ ಆತುರದಲ್ಲಿದ್ದ ಒಬ್ಬರಾದರೂ ಎಡವುತ್ತಿದ್ದರು. ‘ಎಚ್ಚರದಿಂದಿರಿ’ ಎಂಬ ಸುತ್ತೋಲೆಗೆ ಖರ್ಚಿಲ್ಲ, ಕೀಲಿಗೆ ಖರ್ಚಿದೆ. ಸುತ್ತೋಲೆಗಳು ಹೆಚ್ಚಲು ಬೇರೆ ಕಾರಣ ಹುಡುಕಬೇಕಿಲ್ಲ.

ಹಾಗೆಂದು ಕೀಲಿಯೊಂದೇ ಸಾಲದು. 2022ರಲ್ಲೇ ಲಾಸ್ಟ್‌ಪಾಸ್ ಎಂಬ ಪಾಸ್‌ವರ್ಡ್ ಕಾಪಿಡುವ ಕಂಪನಿಗೆ ಕನ್ನ ಬಿತ್ತು. ದಾರಿಯಾದದ್ದು ಒಬ್ಬ ಹಿರಿಯ ಎಂಜಿನಿಯರ್‌ನ ಮನೆಯ ಕಂಪ್ಯೂಟರ್. ಅದರಲ್ಲಿದ್ದ ಮೀಡಿಯಾ ತಂತ್ರಾಂಶದ ದೋಷವನ್ನು ಬಳಸಿ, ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ದಾಖಲಿಸುವ ಗೂಢಚಾರಿ ತಂತ್ರಾಂಶವನ್ನು ಕಳ್ಳರು ಕೂರಿಸಿದ್ದರು. ಆ ದೋಷಕ್ಕೆ 2020ರಲ್ಲೇ ಪರಿಹಾರ ಬಂದಿತ್ತು. ಆ ಕಂಪ್ಯೂಟರಿಗೆ ಮಾತ್ರ ಅಪ್‌ಡೇಟ್ ಆಗಿರಲಿಲ್ಲ. ಎಂಜಿನಿಯರ್ ಎರಡನೆಯ ಹಂತದ ಪರಿಶೀಲನೆಯನ್ನೂ ಮುಗಿಸಿ ಒಳಹೋದ ಮೇಲೆ, ಹೀಗೆ ಕದ್ದ ಮಾಸ್ಟರ್ ಪಾಸ್‌ವರ್ಡ್ ಹಿಡಿದು ಕಳ್ಳರೂ ಕಂಪನಿಯ ಪಾಸ್‌ವರ್ಡ್ ತಿಜೋರಿ ತೆರೆದರು. ಸಿನಿಮಾ ನೋಡುವ ಯಂತ್ರವೂ ತಿಜೋರಿ ತೆರೆಯುವ ಯಂತ್ರವೂ ಒಂದೇ ಆಗಿದ್ದರಿಂದ ಇಷ್ಟೆಲ್ಲ ಆಯಿತು. ಇಂಥ ಕೆಲಸಕ್ಕೆ ಪ್ರತ್ಯೇಕ ಲ್ಯಾಪ್‌ಟಾಪ್ ಕೊಟ್ಟು, ಅದರ ಅಪ್‌ಡೇಟ್‌ಗಳ ಹೊಣೆಯನ್ನು ಕಂಪನಿಯೇ ಹೊರಬೇಕು. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ದತ್ತಾಂಶಕ್ಕೆ ತಕ್ಕ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹೇಳುತ್ತದೆ. ಆ ಮೊತ್ತಕ್ಕೆ ಎಷ್ಟು ಲ್ಯಾಪ್‌ಟಾಪ್ ಬರುತ್ತವೆ ಎಂಬ ಲೆಕ್ಕವನ್ನು ಹಣಕಾಸು ವಿಭಾಗದವರು ಮಾಡಿಕೊಳ್ಳಲಿ.