ಕಾಟಾ ಕ್ಯಾಬಿನ್ನಿನ ಕಿಟಕಿ: ಪುಟ ಕೂಗಿದರೆ ಪ್ರೋಗ್ರಾಮ್ ಓಗೊಡುವ ಕಥೆ

ಮುಧೋಳದ ಕಡೆ ಕಬ್ಬಿನ ಹಂಗಾಮು ಶುರುವಾದರೆ ಕಾಟಾದ ಮುಂದೆ ಟ್ರ್ಯಾಕ್ಟರ್ ಸಾಲು ರಸ್ತೆವರೆಗೂ ಬಂದು ನಿಲ್ಲುತ್ತದೆ. ಕಾಟಾ ಅಂದರೆ ವೇಬ್ರಿಡ್ಜ್. ಗಾಡಿ ಮೇಲೆ ಹತ್ತಿದ ಕೂಡಲೇ ಕ್ಯಾಬಿನ್ನಿನೊಳಗಿನ ಡಬ್ಬಿಯಲ್ಲಿ ಕೆಂಪು ಅಂಕಿ ಮೂಡುತ್ತದೆ. ಆ ಅಂಕಿ ಕೇಬಲ್ ಹಿಡಿದು ಕಂಪ್ಯೂಟರಿಗೆ ಹೋಗಿ, ಚೀಟಿಯಾಗಿ ಹೊರಬರುತ್ತದೆ.

ಹೋದ ಹಂಗಾಮಿನಲ್ಲಿ ಅಂಥದೊಂದು ಕಾಟಾದಿಂದ ಬೆಳಗಾವಿಯಲ್ಲಿದ್ದ ನನಗೆ ಫೋನ್ ಬಂತು. "ಸರ, ಡಬ್ಬಿ ಮ್ಯಾಲ ತೂಕ ಕಾಣಾಕತ್ತೈತ್ರಿ. ಕಂಪ್ಯೂಟರ್‌ನ್ಯಾಗ ಬರವಲ್ತು. ಹೊರಗ ಗಾಡಿ ಸಾಲಾಗಿ ನಿಂತಾವ."

"ಕಾಕಾ, ಕಂಪ್ಯೂಟರ್ ಬದಲಿ ಮಾಡೀರೇನು?"

"ಹೌದ್ರಿ, ಹೊಸಾದು ತಂದೀವಿ. ನಮ್ಮ ಹುಡುಗ ಕ್ರೋಮಿನ್ಯಾಗ ತಗದಾನ. ಎಲ್ಲಾ ಮೊದಲಿನ ಹಂಗ ಕಾಣತೈತಿ."

ಕಾಕಾ ಹೇಳಿದ್ದು ಸರಿ. ಪುಟ ಅದೇ. ಬಣ್ಣ ಅದೇ, ಬಟನ್ ಅದೇ. ಆದರೆ ಮೊದಲು ಆ ಪುಟ ನಾನು ಬರೆದ ಒಂದು ಪ್ರೋಗ್ರಾಮಿನ ಹೊಟ್ಟೆಯೊಳಗಿದ್ದ ಬ್ರೌಸರ್‌ನಲ್ಲಿ ತೆರೆಯುತ್ತಿತ್ತು. ಪುಟದ ಸ್ಕ್ರಿಪ್ಟ್, ಅಂದರೆ ಪುಟದಲ್ಲೇ ಓಡುವ ಸಣ್ಣ ಕೋಡ್, 'ತೂಕ ಓದು' ಎಂದು ಕೂಗಿದರೆ ಸುತ್ತಲಿನ ಪ್ರೋಗ್ರಾಮ್ ಓಗೊಡುತ್ತಿತ್ತು. ಕ್ರೋಮ್‌ನಲ್ಲಿ ಓಗೊಡುವವರೇ ಇಲ್ಲ. ಹಳೆಯ ಪ್ರೋಗ್ರಾಮನ್ನು ಹೊಸ ಕಂಪ್ಯೂಟರಿಗೆ ಹಾಕಿಕೊಟ್ಟೆ, ಅವತ್ತಿನ ಗಾಡಿಗಳು ಹೋದವು. ಆದರೆ ಈ 'ಕೂಗುವ' ಏರ್ಪಾಡು ಎಲ್ಲಿಂದ ಬಂತು, ಈಗ ಯಾಕೆ ಹಾಗೆ ಬರೆಯುವುದಿಲ್ಲ ಅನ್ನುವುದು ದೊಡ್ಡ ಕಥೆ.

ಬ್ರೌಸರ್ ಅನ್ನು ಬೇರೆ ಪ್ರೋಗ್ರಾಮಿನೊಳಗೆ ಕೂರಿಸುವ ರೂಢಿ ಸುಮಾರು ಮೂವತ್ತು ವರ್ಷ ಹಳೆಯದು. 1996ರ ಇಂಟರ್ನೆಟ್ ಎಕ್ಸ್‌ಪ್ಲೋರರ್ 3ರ ಜೊತೆ ಮೈಕ್ರೋಸಾಫ್ಟ್ ವೆಬ್‌ಬ್ರೌಸರ್ ಕಂಟ್ರೋಲ್ ಎಂಬ ಭಾಗವನ್ನು ಕೊಟ್ಟಿತು. ಬಟನ್, ಟೆಕ್ಸ್ಟ್‌ಬಾಕ್ಸ್ ಎಳೆದು ತಂದು ಹಾಕಿದ ಹಾಗೆ ಇಡೀ ಬ್ರೌಸರ್ ಅನ್ನೇ ಫಾರ್ಮ್ ಮೇಲೆ, ಅಂದರೆ ಪ್ರೋಗ್ರಾಮಿನ ಕಿಟಕಿ ಮೇಲೆ, ಹಾಕಬಹುದಿತ್ತು. 1997ರ ನಾಲ್ಕನೇ ಆವೃತ್ತಿಯಲ್ಲಿ ವಿಂಡೋ ಡಾಟ್ ಎಕ್ಸ್‌ಟರ್ನಲ್ ಬಂತು. ಪುಟದಿಂದ ಹೊರಗಿನವರನ್ನು ಕೂಗಲು ಇಟ್ಟ ಹೆಸರು ಅದು. ಹಳೆಯ ಸೈಟುಗಳಲ್ಲಿ 'ಈ ಪುಟವನ್ನು ಫೇವರಿಟ್ಸ್‌ಗೆ ಸೇರಿಸಿ' ಎಂಬ ಬಟನ್ ಇರುತ್ತಿತ್ತಲ್ಲ, ಅದು ಬಳಸುತ್ತಿದ್ದದ್ದು ಇದನ್ನೇ. ಅಲ್ಲಿ ಓಗೊಡುತ್ತಿದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್. ನಿಮ್ಮದೇ ಪ್ರೋಗ್ರಾಮಿನಲ್ಲಿ ಬ್ರೌಸರ್ ಕೂರಿಸಿದ್ದರೆ ಓಗೊಡಬೇಕಾದವರು ನೀವು.

ಒಳಗೆ ನಡೆಯುತ್ತಿದ್ದದ್ದು ಹೀಗೆ. ಪ್ರೋಗ್ರಾಮ್ ಪುಟದ ಕೈಗೆ ಒಂದು ಆಬ್ಜೆಕ್ಟ್ ಕೊಟ್ಟಿರುತ್ತದೆ. ಆ ಆಬ್ಜೆಕ್ಟ್ ಮಾಡಬಲ್ಲ ಒಂದೊಂದು ಕೆಲಸವೂ ಒಂದು ಮೆಥಡ್. ಸ್ಕ್ರಿಪ್ಟ್ ಓಡಿಸುವ ಎಂಜಿನ್ ಮೊದಲು ಆಬ್ಜೆಕ್ಟನ್ನು ಕೇಳುತ್ತದೆ: ನಿನ್ನಲ್ಲಿ 'ತೂಕ ಓದು' ಎಂಬ ಹೆಸರಿನ ಮೆಥಡ್ ಇದೆಯಾ? ಆಬ್ಜೆಕ್ಟ್ ಒಂದು ನಂಬರ್ ಕೊಡುತ್ತದೆ. ಸರಿ, ಆ ನಂಬರಿನದ್ದನ್ನು ನಡೆಸು ಎಂದು ಎಂಜಿನ್ ಎರಡನೇ ಸಲ ಹೇಳುತ್ತದೆ. ಹೆಸರು ಕೊಟ್ಟು ನಂಬರ್ ತಗೋ, ನಂಬರ್ ಕೊಟ್ಟು ಕೆಲಸ ಮಾಡಿಸು. ವಿಂಡೋಸ್‌ನಲ್ಲಿ ಪ್ರೋಗ್ರಾಮಿನ ಭಾಗಗಳು ಒಂದನ್ನೊಂದು ಕರೆಯುವ ಪದ್ಧತಿಗೆ ಕಾಮ್ ಎನ್ನುತ್ತಾರೆ. ಆ ಲೋಕದಲ್ಲಿ ಇದರ ಹೆಸರು ಐಡಿಸ್ಪ್ಯಾಚ್.

ಸಿ ಪ್ಲಸ್ ಪ್ಲಸ್‌ನಲ್ಲಿ ಇದನ್ನೆಲ್ಲ ಕೈಯಾರೆ ಬರೆಯುವುದು ತಲೆನೋವು. 2005ರಲ್ಲಿ ಪ್ರೋಗ್ರಾಮ್ ಕಟ್ಟಲು ಮೈಕ್ರೋಸಾಫ್ಟ್ ಕೊಡುವ ಡಾಟ್‌ನೆಟ್‌ನ 2.0 ಆವೃತ್ತಿ ಬಂದು ಇದನ್ನು ಒಂದು ಸಾಲಿಗೆ ಇಳಿಸಿತು. ಆಬ್ಜೆಕ್ಟ್‌ಫಾರ್‌ಸ್ಕ್ರಿಪ್ಟಿಂಗ್ ಎಂಬ ಪ್ರಾಪರ್ಟಿಗೆ ನಿಮ್ಮ ಆಬ್ಜೆಕ್ಟ್ ಕೊಟ್ಟರೆ ಮುಗಿಯಿತು. ಆ ಆಬ್ಜೆಕ್ಟಿನ ಕ್ಲಾಸ್, ಅಂದರೆ ಅದರ ಅಚ್ಚು, ಪಬ್ಲಿಕ್ ಆಗಿರಬೇಕು, ಅದರ ಮೇಲೆ ಕಾಮ್‌ವಿಸಿಬಲ್ ಎಂಬ ಗುರುತು ಇರಬೇಕು, ಅಷ್ಟೇ. ಗುರುತು ಮರೆತರೆ ಪ್ರೋಗ್ರಾಮ್ ಅಲ್ಲೇ ಎರರ್ ಹೊಡೆದು ನಿಲ್ಲುತ್ತದೆ. ನಾನು ಮರೆತು ಒಂದು ಸಂಜೆ ಪೂರ್ತಿ ಕಳೆದಿದ್ದೇನೆ.

ಮೈಕ್ರೋಸಾಫ್ಟ್ ಕೊಟ್ಟ ಉದಾಹರಣೆಯಲ್ಲಿ ಆ ಪ್ರಾಪರ್ಟಿಗೆ 'ದಿಸ್' ಎಂದು ಬರೆದಿತ್ತು. ಅಂದರೆ ಇಡೀ ಫಾರ್ಮನ್ನೇ ಪುಟದ ಕೈಗೆ ಕೊಡುವುದು. ಎಲ್ಲರೂ ಅದನ್ನೇ ಕಾಪಿ ಹೊಡೆದೆವು. ಪುಟಕ್ಕೆ ಬೇಕಿದ್ದದ್ದು ತೂಕ ಓದುವ ಒಂದೇ ಮೆಥಡ್. ನಾವು ಕೊಟ್ಟದ್ದು ಮನೆಯ ಬೀಗದಕೈ ಗೊಂಚಲು. ಅದೇ ಉದಾಹರಣೆಯಲ್ಲಿ ಇನ್ನೊಂದು ಸಾಲು ಇತ್ತು: ಹೊರಗಿನ ಫೈಲನ್ನು ಎಳೆದು ಬ್ರೌಸರ್ ಮೇಲೆ ಬಿಟ್ಟರೆ ತೆರೆಯಬಾರದು ಎಂದು. ಯಾಕೆಂದರೆ ಬ್ರೌಸರ್ ಯಾವ ಪುಟಕ್ಕೆ ಹೋದರೂ ಆ ಪುಟಕ್ಕೂ ಅದೇ ಗೊಂಚಲು ಸಿಗುತ್ತದೆ. ಈ ಸಾಲನ್ನು ಕಾಪಿ ಮಾಡುವಾಗ ಬಿಟ್ಟವರೇ ಜಾಸ್ತಿ.

ಅವತ್ತು ಅದು ತಪ್ಪು ಅನಿಸಲಿಲ್ಲ. ಪುಟ ಬರೆದವನು ನಾನೇ, ಪ್ರೋಗ್ರಾಮ್ ಬರೆದವನೂ ನಾನೇ. ಎರಡೂ ಒಂದೇ ಹಾರ್ಡ್‌ಡಿಸ್ಕಿನಲ್ಲಿ. ಯಾರನ್ನು ಯಾರಿಂದ ಕಾಯಬೇಕು? ನಮಗಿದ್ದ ಕಷ್ಟವೇ ಬೇರೆ. ಸ್ಕ್ರಿಪ್ಟ್ ಕೂಗಿದ ಮೇಲೆ ಉತ್ತರ ಬರುವವರೆಗೆ ಪುಟ ಅಲ್ಲಾಡುತ್ತಿರಲಿಲ್ಲ. ಡಬ್ಬಿಯ ಕೇಬಲ್ ಸಡಿಲಾಗಿದ್ದರೆ ಉತ್ತರ ಬರುತ್ತಲೇ ಇರಲಿಲ್ಲ. ಇಡೀ ಕಿಟಕಿ ಬೆಳ್ಳಗಾಗಿ 'ನಾಟ್ ರೆಸ್ಪಾಂಡಿಂಗ್' ಎಂದು ಕೂತುಬಿಡುತ್ತಿತ್ತು. ಇನ್ನೊಂದು ತಮಾಷೆ: ಕಂಪ್ಯೂಟರಿನಲ್ಲಿ ಎಷ್ಟೇ ಹೊಸ ಎಕ್ಸ್‌ಪ್ಲೋರರ್ ಇದ್ದರೂ, ವಿಂಡೋಸ್ ಸೆಟ್ಟಿಂಗುಗಳಿರುವ ರಿಜಿಸ್ಟ್ರಿಯಲ್ಲಿ ಬೇರೆ ಹೇಳದಿದ್ದರೆ, ಈ ಕಂಟ್ರೋಲ್ ಏಳನೇ ಆವೃತ್ತಿಯ ಹಾಗೆ ನಡೆದುಕೊಳ್ಳುತ್ತಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಮೊಬೈಲಿನಲ್ಲಿ.

ಆಂಡ್ರಾಯ್ಡ್ 2008ರಲ್ಲಿ ಬಂದಾಗಲೇ ಆ್ಯಪ್ ಒಳಗೆ ಕೂರಿಸುವ ಬ್ರೌಸರ್ ಆದ ವೆಬ್‌ವ್ಯೂ ಇತ್ತು, ಅದರಲ್ಲಿ ಆ್ಯಡ್‌ಜಾವಾಸ್ಕ್ರಿಪ್ಟ್‌ಇಂಟರ್ಫೇಸ್ ಎಂಬ ಮೆಥಡ್ ಇತ್ತು. ಒಂದು ಜಾವಾ ಆಬ್ಜೆಕ್ಟ್, ಅದಕ್ಕೊಂದು ಹೆಸರು ಕೊಡಿ. ಪುಟದ ಸ್ಕ್ರಿಪ್ಟ್ ಆ ಹೆಸರು ಹಿಡಿದು ಅದರ ಮೆಥಡ್‌ಗಳನ್ನು ಕರೆಯಬಹುದು. ನೋಡಲು ನಮ್ಮ ಹಳೆಯ ಪದ್ಧತಿಯೇ. ಆದರೆ ಜಾವಾದಲ್ಲಿ ಒಂದು ವಿಚಿತ್ರ ಇದೆ. ನೀವು ಏನೂ ಬರೆಯದಿದ್ದರೂ ಪ್ರತಿ ಆಬ್ಜೆಕ್ಟಿಗೂ ಗೆಟ್‌ಕ್ಲಾಸ್ ಎಂಬ ಮೆಥಡ್ ಹುಟ್ಟಿನಿಂದಲೇ ಬಂದಿರುತ್ತದೆ. ಅದನ್ನು ಕರೆದರೆ ಕ್ಲಾಸ್ ಸಿಗುತ್ತದೆ. ಕ್ಲಾಸ್ ಸಿಕ್ಕರೆ ಬೇರೆ ಯಾವ ಕ್ಲಾಸನ್ನಾದರೂ ಹೆಸರಿನಿಂದ ತರಿಸಿಕೊಳ್ಳಬಹುದು. ರನ್‌ಟೈಮ್ ಎಂಬ ಕ್ಲಾಸ್ ತರಿಸಿಕೊಂಡರೆ ಫೋನಿನಲ್ಲಿ ಕಮಾಂಡ್ ಓಡಿಸಬಹುದು. ನೀವು ಪುಟಕ್ಕೆ ಕೊಟ್ಟದ್ದು 'ಬಣ್ಣ ಬದಲಿಸು' ಎಂಬ ಒಂದೇ ಮೆಥಡ್ ಆಗಿರಬಹುದು. ಪುಟ ನಾಲ್ಕೇ ಹೆಜ್ಜೆಯಲ್ಲಿ ಫೋನಿನ ಒಳಮನೆಗೆ ಹೋಗುತ್ತಿತ್ತು. ಆ್ಯಪ್‌ಗೆ ಏನೇನು ಅನುಮತಿ ಇದೆಯೋ ಅಷ್ಟೂ ಪುಟದ ಪಾಲು.

ಇಲ್ಲಿ ಪುಟ ಬರೆದವರು ಯಾರು ಅನ್ನುವುದೂ ಬದಲಾಗಿತ್ತು. ಆ್ಯಪ್‌ನ ತುದಿಯಲ್ಲಿ ಜಾಹೀರಾತು ತೋರಿಸುವ ವೆಬ್‌ವ್ಯೂ ಇರುತ್ತಿತ್ತು. ಜಾಹೀರಾತು ಎಲ್ಲಿಂದಲೋ ಬರುತ್ತಿತ್ತು, ಎಷ್ಟೋ ಸಲ ಬೀಗವಿಲ್ಲದ ಎಚ್‌ಟಿಟಿಪಿ ದಾರಿಯಲ್ಲಿ. ಬಸ್ ಸ್ಟ್ಯಾಂಡಿನ ವೈಫೈನಲ್ಲಿ ಕೂತವನೊಬ್ಬ ನಡುವೆ ತನ್ನ ನಾಲ್ಕು ಸಾಲು ಸೇರಿಸಿದರೂ ಸಾಕಿತ್ತು.

2012ರ ಕೊನೆಯಲ್ಲಿ ಬಂದ ಆಂಡ್ರಾಯ್ಡ್ 4.2ರಲ್ಲಿ ಗೂಗಲ್ ನಿಯಮ ಬದಲಿಸಿತು. ಜಾವಾಸ್ಕ್ರಿಪ್ಟ್‌ಇಂಟರ್ಫೇಸ್ ಎಂಬ ಗುರುತು ಹಚ್ಚಿದ ಮೆಥಡ್ ಮಾತ್ರ ಪುಟಕ್ಕೆ ಕಾಣುತ್ತದೆ. ಗೆಟ್‌ಕ್ಲಾಸ್‌ಗೆ ಆ ಗುರುತಿಲ್ಲ, ಹಾಗಾಗಿ ಆ ಬಾಗಿಲು ಮುಚ್ಚಿತು. ಆದರೆ ಈ ನಿಯಮ ಸಿಗುವುದು ಎಪಿಐ 17 (ಈ 4.2ರ ಒಳಗಿನ ನಂಬರ್) ಅಥವಾ ಅದಕ್ಕಿಂತ ಹೊಸದನ್ನು ಗುರಿಯಾಗಿಟ್ಟು ಕಟ್ಟಿದ ಆ್ಯಪ್‌ಗಳಿಗೆ, ಅದೂ ಹೊಸ ಫೋನಿನಲ್ಲಿ. ಹಳೆಯ ಫೋನುಗಳು ಹಾಗೇ ಉಳಿದವು. ಗುರುತು ಹಚ್ಚಲು ಮರೆತವರ ಆ್ಯಪ್‌ನಲ್ಲಿ ಬಟನ್ ಒತ್ತಿದರೆ ಏನೂ ಆಗುತ್ತಿರಲಿಲ್ಲ.

ಒಂದು ವಿಷಯ ಎಷ್ಟೋ ಹುಡುಗರನ್ನು ಕಾಡಿದೆ. ಟೆಸ್ಟಿಂಗ್‌ನಲ್ಲಿ ಎಲ್ಲಾ ಚೆನ್ನಾಗಿರುತ್ತದೆ, ಪ್ಲೇಸ್ಟೋರಿಗೆ ಹಾಕಿದ ಮೇಲೆ ಪುಟ ಕೂಗಿದರೆ ಯಾರೂ ಓಗೊಡುವುದಿಲ್ಲ. ಕಾರಣ ಕೋಡ್ ಕುಗ್ಗಿಸುವ ಟೂಲ್. ಜಾವಾ ಕಡೆ ಯಾರೂ ಕರೆಯದ ಮೆಥಡ್ ಕಂಡರೆ ಅದನ್ನು ತೆಗೆದುಬಿಡುತ್ತದೆ, ಇಲ್ಲವೇ ಹೆಸರನ್ನು 'ಎ', 'ಬಿ' ಎಂದು ಚಿಕ್ಕದು ಮಾಡುತ್ತದೆ. ಪುಟ ಹಳೆಯ ಹೆಸರನ್ನೇ ಕೂಗುತ್ತಿರುತ್ತದೆ. ಈ ಹೆಸರು ಮುಟ್ಟಬೇಡ ಎಂದು ಆ ಟೂಲ್‌ಗೆ ಬರೆದುಕೊಡಬೇಕು.

ಆ್ಯಪಲ್ ಕಡೆ ಕಥೆ ಉಲ್ಟಾ. ಐಫೋನಿನ ಹಳೆಯ ಯುಐವೆಬ್‌ವ್ಯೂನಲ್ಲಿ ಪುಟದಿಂದ ಆ್ಯಪ್ ಕೂಗಲು ಬಾಗಿಲನ್ನೇ ಇಟ್ಟಿರಲಿಲ್ಲ. ಜನ ಸುಮ್ನೆ ಬಿಡುತ್ತಾರಾ? ಕಳ್ಳದಾರಿ ಹುಡುಕಿದರು. ಪುಟ ಯಾವುದೋ ಇಲ್ಲದ ವಿಳಾಸಕ್ಕೆ ಹೋದ ಹಾಗೆ ನಟಿಸುತ್ತದೆ. 'ಹೋಗಲು ಬಿಡಲಾ?' ಎಂದು ವೆಬ್‌ವ್ಯೂ ಆ್ಯಪ್ ಅನ್ನು ಕೇಳುತ್ತದೆ. ಆ್ಯಪ್ ವಿಳಾಸ ಓದಿಕೊಂಡು, ಅದರಲ್ಲಿದ್ದ ಕೆಲಸ ಮಾಡಿ, 'ಬೇಡ' ಅನ್ನುತ್ತದೆ. 2008ರಲ್ಲಿ ಶುರುವಾದ, ವೆಬ್ ಪುಟಗಳಿಂದಲೇ ಆ್ಯಪ್ ಕಟ್ಟುವ ಫೋನ್‌ಗ್ಯಾಪ್ ಈ ಉಪಾಯದಿಂದಲೇ ಬೆಳೆಯಿತು. ಅದನ್ನು ಕಟ್ಟಿದ ನಿಟೋಬಿ ಕಂಪನಿಯನ್ನು 2011ರಲ್ಲಿ ಅಡೋಬಿ ಕೊಂಡಿತು, ಕೋಡ್ ಅಪಾಚೆಗೆ ಹೋಗಿ ಕಾರ್ಡೋವಾ ಆಯಿತು. ಒರಟು ದಾರಿ ನಿಜ. ಆದರೆ ಈಗ ನೋಡಿದರೆ ಈ ಕಳ್ಳದಾರಿಯೇ ನಮ್ಮ ರಾಜಮಾರ್ಗಕ್ಕಿಂತ ವಾಸಿ ಇತ್ತು. ಪುಟದ ಕೈಗೆ ಆಬ್ಜೆಕ್ಟ್ ಹೋಗುತ್ತಿರಲಿಲ್ಲ, ಬರೇ ಒಂದು ಚೀಟಿ ಆ್ಯಪ್ ಕಡೆ ಬರುತ್ತಿತ್ತು.

ಅದೇ ಮುಂದೆ ಎಲ್ಲರ ಪದ್ಧತಿಯಾಯಿತು. 2014ರಲ್ಲಿ ಐಒಎಸ್ 8ರ ಜೊತೆ ಬಂದ ಡಬ್ಲ್ಯೂಕೆವೆಬ್‌ವ್ಯೂನಲ್ಲಿ ಪುಟ ಪೋಸ್ಟ್‌ಮೆಸೇಜ್ ಮಾಡುತ್ತದೆ, ಅಂದರೆ ಚೀಟಿ ಕಳಿಸುತ್ತದೆ, ಆ್ಯಪ್ ಓದಿ ತೀರ್ಮಾನಿಸುತ್ತದೆ. ಇದಕ್ಕೆ ಭದ್ರತೆ ಅಷ್ಟೇ ಕಾರಣ ಅಲ್ಲ. ಹೊಸ ಬ್ರೌಸರ್‌ಗಳಲ್ಲಿ ಪುಟ ಓಡುವುದೇ ಬೇರೆ ಪ್ರೋಸೆಸ್‌ನಲ್ಲಿ. ನಡುವೆ ಗೋಡೆ. ಗೋಡೆಯಾಚೆಗೆ ಆಬ್ಜೆಕ್ಟನ್ನು ನೇರವಾಗಿ ಕೊಡಲು ಬರುವುದಿಲ್ಲ, ಚೀಟಿ ದಾಟಿಸಬಹುದು. ಆಂಡ್ರಾಯ್ಡ್ ಕೂಡ ಆಮೇಲೆ ತನ್ನ ಲೈಬ್ರರಿಯಲ್ಲಿ ಇಂಥದೇ ದಾರಿ ಇಟ್ಟಿತು, ಅದರಲ್ಲಿ ಯಾವ ಯಾವ ಸೈಟಿನ ಚೀಟಿ ತಗೋಬೇಕು ಎಂಬ ಪಟ್ಟಿಯನ್ನೂ ಕೊಡಬಹುದು. ವೆಬ್ ಪುಟಗಳಿಂದ ಡೆಸ್ಕ್‌ಟಾಪ್ ಪ್ರೋಗ್ರಾಮ್ ಕಟ್ಟುವ ಎಲೆಕ್ಟ್ರಾನ್ ಕೂಡ ಮೊದಲು ಪುಟಕ್ಕೆ, ಕಂಪ್ಯೂಟರಿನ ಫೈಲುಗಳನ್ನೂ ಮುಟ್ಟಬಲ್ಲ ಇಡೀ ನೋಡ್ ಕೊಟ್ಟು, ಆಮೇಲೆ ವಾಪಸ್ ತಗೊಂಡಿತು. 2019ರ ಐದನೇ ಆವೃತ್ತಿಯಿಂದ ಕೇಳದೆ ಕೊಡುವುದಿಲ್ಲ.

ನಮ್ಮ ಕಾಟಾಕ್ಕೆ ವಾಪಸ್ ಬರೋಣ. ಈಗಿನ ಕಾಟಾ ಕ್ಯಾಬಿನ್ನಿಗೆ ಒಂದು ಸಣ್ಣ ಕಿಟಕಿ ಇದೆ. ಡ್ರೈವರ್ ಒಳಗೆ ಬರುವ ಹಾಗಿಲ್ಲ. ಕೆಳಗಿನ ಸಂದಿಯಲ್ಲಿ ಚೀಟಿ ತೂರಿಸಿ ನಿಲ್ಲಬೇಕು. ಮೊದಲು ಡ್ರೈವರ್‌ಗಳೆಲ್ಲ ಒಳಗೆ ಬಂದು ಟೇಬಲ್ ಮೇಲೆ ಕೈಯೂರಿ ನಿಲ್ಲುತ್ತಿದ್ದರು ಎಂದು ಕಾಕಾ ಹೇಳುತ್ತಿರುತ್ತಾರೆ. ನನ್ನ ಹಳೆಯ ಪ್ರೋಗ್ರಾಮಿನಲ್ಲಿ ಪುಟ ಈಗಲೂ ಹಾಗೇ ಕೈಯೂರಿ ನಿಂತಿತ್ತು. 2022ರ ಜೂನ್ 15ಕ್ಕೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅಂಗಡಿ ಮುಚ್ಚಿದರೂ ಅದರ ಆ ಕಂಟ್ರೋಲ್ ವಿಂಡೋಸ್ ಒಳಗೆ ಇನ್ನೂ ಇದೆ. ಅದಕ್ಕೇ ಹೊಸ ಕಂಪ್ಯೂಟರಿನಲ್ಲೂ ಓಡಿತು. ಆದರೂ ಇದೇ ನೆಪದಲ್ಲಿ ಹೊಸದಾಗಿ ಬರೆಯೋಣ ಅನಿಸಿತು.

2021ರಿಂದ ಕ್ರೋಮ್‌ನಲ್ಲಿ ವೆಬ್ ಸೀರಿಯಲ್ ಇದೆ. ಪುಟವೇ ನೇರವಾಗಿ ಡಬ್ಬಿಯ ಕೇಬಲ್ ಓದಬಹುದು, ಪ್ರೋಗ್ರಾಮೇ ಬೇಡ. ಮೊದಲ ಸಲ ಮಾತ್ರ ಮನುಷ್ಯನೇ ಬಟನ್ ಒತ್ತಿ ಪೋರ್ಟ್ ಆರಿಸಬೇಕು. ಮನಸ್ಸು ಆಕಡೆ ವಾಲಿತ್ತು. ಆದರೆ ಚೀಟಿ ಪ್ರಿಂಟಾಗುವಾಗ ನಡುವೆ ಪರದೆ ಮೇಲೆ ಯಾವ ಬಾಕ್ಸೂ ತೆರೆಯಬಾರದು, 'ಓಕೆ' ಒತ್ತುವ ಕೆಲಸ ಇರಬಾರದು ಎಂದು ಕಾಕಾ ಹಠ ಹಿಡಿದರು. ಸಾದಾ ಬ್ರೌಸರ್ ಪುಟ ಹಾಗೆ ಸದ್ದಿಲ್ಲದೆ ಪ್ರಿಂಟ್ ಹೊಡೆಯುವುದಿಲ್ಲ. ಪ್ರೋಗ್ರಾಮ್ ಬೇಕೇ ಬೇಕಾಯಿತು.

ಹಾಗಾಗಿ ವೆಬ್‌ವ್ಯೂ2 ಹಿಡಿದೆ. ಎಡ್ಜ್ ಬ್ರೌಸರಿನ ಎಂಜಿನ್ ಅನ್ನೇ ನಮ್ಮ ಪ್ರೋಗ್ರಾಮಿನೊಳಗೆ ಕೂರಿಸುವ ಭಾಗ ಇದು, 2020ರ ಕೊನೆಗೆ ಬಂತು. ಇದರಲ್ಲೂ ಆಬ್ಜೆಕ್ಟ್ ಕೊಡುವ ದಾರಿ ಇದೆ, ಆ್ಯಡ್‌ಹೋಸ್ಟ್‌ಆಬ್ಜೆಕ್ಟ್‌ಟುಸ್ಕ್ರಿಪ್ಟ್ ಎಂದು. ಸೋಮಾರಿತನಕ್ಕೆ ಮೊದಲು ಅದನ್ನೇ ಹಾಕಿದೆ. ಹಳೆಯ ಪುಟದಲ್ಲಿ ಹೆಸರು ಬದಲಿಸಿದರೆ ಸಾಕು ಅಂದುಕೊಂಡಿದ್ದೆ. ಆದರೆ ತೂಕದ ಬಾಕ್ಸಿನಲ್ಲಿ ಅಂಕಿಯೇ ಬರಲಿಲ್ಲ. ಯಾಕೆಂದರೆ ಈಗ ಕೂಗಿದ ತಕ್ಷಣ ಉತ್ತರ ಬರುವುದಿಲ್ಲ, ಒಂದು ಪ್ರಾಮಿಸ್ ಬರುತ್ತದೆ. 'ಕೊಡ್ತೀನಿ, ತಡಿ' ಅಂದ ಹಾಗೆ. ಕಾಯುವ ಹಾಗೆ ಪುಟವನ್ನೇ ತಿದ್ದಬೇಕು. ತಿದ್ದುವುದೇ ಆದರೆ ಸರಿಯಾಗಿ ತಿದ್ದೋಣ ಎಂದು ಆಬ್ಜೆಕ್ಟ್ ಕಿತ್ತುಹಾಕಿ ಚೀಟಿ ಪದ್ಧತಿಗೆ ಬಂದೆ. ಈಗ ಪುಟಕ್ಕೆ ಎರಡೇ ಮಾತು ಗೊತ್ತು: 'ತೂಕ ಬೇಕು', 'ಚೀಟಿ ಹೊಡಿ'. ಮೂರನೇ ಮಾತು ಬಂದರೆ ಪ್ರೋಗ್ರಾಮ್ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕೇಬಲ್ ಕಳಚಿದರೂ ಪುಟ ಬೆಳ್ಳಗಾಗುವುದಿಲ್ಲ.

ಅಂದಹಾಗೆ, ಕ್ರೋಮ್‌ನಲ್ಲಿ ಅವತ್ತು ಬಂದ ಎರರ್ ವಿಂಡೋ ಡಾಟ್ ಎಕ್ಸ್‌ಟರ್ನಲ್ ಇಲ್ಲ ಎಂದು ಹೇಳಿರಲಿಲ್ಲ, ಅದರಲ್ಲಿ ನನ್ನ ಮೆಥಡ್ ಇಲ್ಲ ಎಂದಷ್ಟೇ ಹೇಳಿತ್ತು. ಆ ಹೆಸರು ಇವತ್ತಿಗೂ ಎಚ್‌ಟಿಎಂಎಲ್ ನಿಯಮದಲ್ಲಿ ಉಳಿದಿದೆ. ಅದರಡಿ ಎರಡು ಮೆಥಡ್ ಇವೆ, ಕರೆದರೆ ಏನೂ ಮಾಡಬಾರದು ಎಂದೇ ಬರೆದಿಟ್ಟಿದ್ದಾರೆ. ಹಳೆಯ ಸೈಟುಗಳು ಮುರಿಯದಿರಲಿ ಎಂದು.

ಹೊಸ ಪುಟವನ್ನು ಯಾರಾದರೂ ಕ್ರೋಮ್‌ನಲ್ಲಿ ತೆರೆದರೆ ಈಗ ಮೇಲೆ ಕೆಂಪಕ್ಷರದಲ್ಲಿ ಬರುತ್ತದೆ: 'ಕಾಟಾ ಪ್ರೋಗ್ರಾಮಿನಲ್ಲಿ ತೆರೆಯಿರಿ.' ಡೆಸ್ಕ್‌ಟಾಪಿನಿಂದ ಕ್ರೋಮ್ ಐಕಾನ್ ತೆಗೆದುಬಿಡಲಾ ಎಂದು ಕೇಳಿದ್ದಕ್ಕೆ ಕಾಕಾ ಒಪ್ಪಲಿಲ್ಲ. "ಬ್ಯಾಡ್ರಿ ಸರ, ಮಳಿ ಯಾವಾಗ ಬರತೈತಿ ನೋಡೂದು ಅದರಾಗ" ಅಂದರು.